ಉಪ್ಪುನೀರಿನ ಡಿಮ್ಮರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಕದಲ್ಲಿ ಬೆಳಕು ಮೆಲ್ಲಗೆ ಇಳಿಯುವುದು, ಮೆಲ್ಲಗೆ ಏರುವುದು ಇವತ್ತು ಬೆರಳ ತುದಿಯ ಕೆಲಸ. ನೂರು ವರ್ಷಗಳ ಹಿಂದೆ ಎಷ್ಟೋ ರಂಗಮಂದಿರಗಳಲ್ಲಿ ಇದೇ ಕೆಲಸವನ್ನು ಉಪ್ಪುನೀರು ತುಂಬಿದ ಜಾಡಿಗಳು ಮಾಡುತ್ತಿದ್ದವು. ಬೆಳಕನ್ನು ಹೀಗೆ ಏರಿಳಿಸುವ ಸಾಧನಕ್ಕೇ ಡಿಮ್ಮರ್ ಎಂದು ಹೆಸರು. ಕರೆಂಟು ಆ ನೀರಿನೊಳಗಿಂದಲೇ ಹಾದು ಬಲ್ಬಿಗೆ ಹೋಗುತ್ತಿತ್ತು. ಇದನ್ನು ಹೇಳಿದರೆ ಜನ ಮೊದಲು ನಂಬುವುದಿಲ್ಲ, ಆಮೇಲೆ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳು, ಉತ್ತರಗಳು ಇಲ್ಲಿವೆ.

ನೋಡೋಕೆ ಇದು ಹೇಗಿರುತ್ತಿತ್ತು?

ಒಂದು ಪಿಂಗಾಣಿ ಜಾಡಿ. ನಮ್ಮ ಉಪ್ಪಿನಕಾಯಿ ಭರಣಿಯ ಜಾತಿಯದೇ, ಆದರೆ ಉದ್ದ ಜಾಸ್ತಿ. ಎಷ್ಟೋ ಕಡೆ ಜಾಡಿಯೂ ಇರಲಿಲ್ಲ. ಚರಂಡಿಗೆ ಹೂಳುವ ಮಣ್ಣಿನ ಪೈಪಿನ ಒಂದು ತುಂಡು ತಂದು, ತಳ ಮುಚ್ಚಿ, ನೆಟ್ಟಗೆ ನಿಲ್ಲಿಸುತ್ತಿದ್ದರು. ಇಂಗ್ಲೆಂಡಿನ ಹವ್ಯಾಸಿ ನಾಟಕ ತಂಡಗಳಲ್ಲಿ ಈ ಚರಂಡಿ ಪೈಪಿನ ಡಿಮ್ಮರು ಎರಡನೇ ಮಹಾಯುದ್ಧ ಮುಗಿದ ಮೇಲೂ ಉಳಿದಿತ್ತು.

ಜಾಡಿಯಲ್ಲಿ ಉಪ್ಪುನೀರು, ಇಲ್ಲವೇ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರು. ತಳದಲ್ಲಿ ಅಲುಗಾಡದ ಹಾಗೆ ಕೂರಿಸಿದ ಒಂದು ಲೋಹದ ತಗಡು. ಮೇಲಿಂದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಇನ್ನೊಂದು ತಗಡು. ತಗಡು ಸೀಸದ್ದೋ ಕಬ್ಬಿಣದ್ದೋ ಆಗಿರುತ್ತಿತ್ತು. ಹಗ್ಗ ಒಂದು ರಾಟೆಯ ಮೇಲೆ ಹಾದು ಆಪರೇಟರ್ ಕೈಗೆ ಬರುತ್ತಿತ್ತು. ಕರೆಂಟಿನ ಒಂದು ತಂತಿ ಕೆಳಗಿನ ತಗಡಿಗೆ ಬರುತ್ತದೆ. ಮೇಲಿನ ತಗಡಿನಿಂದ ಹೊರಟ ತಂತಿ ಬಲ್ಬಿಗೆ ಹೋಗುತ್ತದೆ. ಅಷ್ಟೇ, ಇದರಲ್ಲಿ ಇನ್ನೇನೂ ಇಲ್ಲ.

ಬೆಳಕು ಕಡಿಮೆ ಆಗೋದು ಹೇಗೆ?

ಉಪ್ಪುನೀರಿನಲ್ಲಿ ಕರೆಂಟು ಹರಿಯುತ್ತದೆ, ಆದರೆ ತಾಮ್ರದ ತಂತಿಯಷ್ಟು ಸಲೀಸಾಗಿ ಅಲ್ಲ. ಎರಡು ತಗಡುಗಳ ನಡುವೆ ನೀರು ಎಷ್ಟು ಉದ್ದ ಇದೆಯೋ ಅಷ್ಟು ತಡೆ. ಮೇಲಿನ ತಗಡನ್ನು ಎತ್ತಿದರೆ ದಾರಿ ಉದ್ದವಾಗುತ್ತದೆ, ತಡೆ ಹೆಚ್ಚುತ್ತದೆ, ಬಲ್ಬಿಗೆ ಸಿಗುವ ವೋಲ್ಟೇಜ್ ಕಡಿಮೆಯಾಗುತ್ತದೆ. ಕೆಳಗಿಳಿಸಿದರೆ ಅದರ ತಿರುಗುಮುರುಗು. ಎರಡೂ ತಗಡು ಒಂದಕ್ಕೊಂದು ತಾಗಿದರೆ ಬಲ್ಬು ಪೂರ್ತಿ ಉರಿಯುತ್ತದೆ. ಮೇಲಿನ ತಗಡು ನೀರಿನಿಂದ ಆಚೆ ಬಂದರೆ ಕತ್ತಲು.

ಒಂದು ಸಣ್ಣ ಜಾಣತನವೂ ಇತ್ತು. ಮೇಲಿನ ತಗಡಿನ ಕೆಳತುದಿಯನ್ನು ಚೂಪಾಗಿ ಕತ್ತರಿಸುತ್ತಿದ್ದರು. ನೀರಿಗೆ ಇಳಿಯುವಾಗ ಮೊದಲು ಬರೀ ಮೊನೆ ಮುಳುಗುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಅಗಲ. ಹಾಗಾಗಿ ಬಲ್ಬು ತಟ್ಟನೆ ಹೊತ್ತಿಕೊಳ್ಳದೆ, ಕೆಂಪು ಎಳೆಯಿಂದ ಶುರುವಾಗಿ ನಿಧಾನಕ್ಕೆ ಬೆಳಗುತ್ತಿತ್ತು.

ಅಲ್ಲ, ಇಷ್ಟೆಲ್ಲ ಪಾಡು ಯಾಕೆ? ನಾಟಕಕ್ಕೆ ಮಂದ ಬೆಳಕು ಅಷ್ಟು ಮುಖ್ಯವೇ?

ಕರೆಂಟು ಬರುವ ಮುಂಚೆಯೇ ರಂಗಮಂದಿರಗಳಿಗೆ ಅದರ ರುಚಿ ಹತ್ತಿತ್ತು. 1817ರಲ್ಲಿ ಲಂಡನ್ನಿನ ಲೈಸಿಯಂ ಮತ್ತು ಡ್ರೂರಿ ಲೇನ್ ರಂಗಮಂದಿರಗಳು ಗ್ಯಾಸ್ ದೀಪ ಹಾಕಿಸಿದವು. ಗ್ಯಾಸ್ ಬಂದ ಮೇಲೆ ಎಲ್ಲ ದೀಪಗಳ ಕೊಳವೆಗಳನ್ನೂ ಒಂದೇ ಕಡೆಗೆ ತಂದು, ಸಾಲಾಗಿ ಕೂರಿಸಿದ ತಿರುಪುಗಳಿಂದ ಹತೋಟಿ ಮಾಡುವುದು ಸಾಧ್ಯವಾಯಿತು. ಒಬ್ಬ ಗ್ಯಾಸ್‌ಮ್ಯಾನ್ ಅಲ್ಲಿ ನಿಂತು ಇಡೀ ರಂಗಸ್ಥಳವನ್ನು ಹಗಲಿನಿಂದ ಮುಸ್ಸಂಜೆಗೆ ಇಳಿಸಬಲ್ಲವನಾಗಿದ್ದ. ಪ್ರೇಕ್ಷಕರೂ ಅದಕ್ಕೆ ಒಗ್ಗಿಹೋಗಿದ್ದರು.

ವಿದ್ಯುತ್ ದೀಪ ಬಂದಾಗ ಬರೀ ಪ್ರಕಾಶ ಕೊಟ್ಟರೆ ಸಾಲದಾಗಿತ್ತು. ಗ್ಯಾಸಿನಷ್ಟೇ ನಯವಾಗಿ ಏರಿಳಿಯಬೇಕಿತ್ತು. ಬಲ್ಬಿಗಿಂತ ಮೊದಲೇ ಬಂದಿದ್ದ ಆರ್ಕ್ ದೀಪಕ್ಕೆ ಅದು ಆಗುತ್ತಿರಲಿಲ್ಲ. ಎರಡು ಇಂಗಾಲದ ಕಡ್ಡಿಗಳ ನಡುವೆ ಕಿಡಿ ಹಾರಿಸಿ ಬೆಳಕು ಕೊಡುವ ದೀಪ ಅದು. ಹೊತ್ತಿದರೆ ಕಣ್ಣು ಕುಕ್ಕುವಷ್ಟು, ಕರೆಂಟು ಕಡಿಮೆ ಮಾಡಿದರೆ ಆರಿಯೇ ಹೋಗುತ್ತದೆ. ನಡುವೆ ಏನೂ ಇಲ್ಲ. ಫಿಲಮೆಂಟ್, ಅಂದರೆ ಕಾದು ಬೆಳಗುವ ಸಣ್ಣ ಎಳೆ, ಇರುವ ಬಲ್ಬು ಬಂದ ಮೇಲೆಯೇ ವಿದ್ಯುತ್ತಿನಿಂದ ಮುಸ್ಸಂಜೆ ಮಾಡುವುದು ಆಗುವಂಥ ಮಾತಾಯಿತು.

ಬಲ್ಬು ಮೊದಲು ಬಂದ ರಂಗಮಂದಿರ ಯಾವುದು?

ಲಂಡನ್ನಿನ ಸವಾಯ್ ರಂಗಮಂದಿರದ ಕತೆ ಎಲ್ಲರಿಗಿಂತ ಮುಂದೆ ನಿಲ್ಲುತ್ತದೆ. ನಾಟಕ ನಿರ್ಮಾಪಕ ರಿಚರ್ಡ್ ಡಾಯ್ಲಿ ಕಾರ್ಟ್ ಕಟ್ಟಿಸಿದ್ದು. 1881ರ ಅಕ್ಟೋಬರ್ 10ರಂದು ಬಾಗಿಲು ತೆರೆಯಿತು. ಜೋಸೆಫ್ ಸ್ವಾನ್ ತಯಾರಿಸಿದ ಸುಮಾರು 1,200 ಬಲ್ಬುಗಳು. ಪಕ್ಕದ ಖಾಲಿ ಜಾಗದಲ್ಲಿ ಉಗಿ ಎಂಜಿನ್ ಮತ್ತು ಜನರೇಟರ್. ಮೊದಲ ದಿನ ಬಲ್ಬು ಉರಿದದ್ದು ಪ್ರೇಕ್ಷಕರ ಕಡೆ ಮಾತ್ರ. ರಂಗಸ್ಥಳಕ್ಕೂ ಸೇರಿಸುವಷ್ಟು ಶಕ್ತಿ ಆಗ ಸಾಲಲಿಲ್ಲ. ಡಿಸೆಂಬರ್ 28ಕ್ಕೆ ಅದೂ ಆಯಿತು.

ಆ ದಿನ ಡಾಯ್ಲಿ ಕಾರ್ಟ್ ತಾವೇ ವೇದಿಕೆಗೆ ಬಂದು, ಉರಿಯುತ್ತಿದ್ದ ಬಲ್ಬಿಗೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಅದನ್ನು ಒಡೆದು ತೋರಿಸಿದರು. ಬಟ್ಟೆ ಸುಡಲಿಲ್ಲ. ಜನರಿಗೆ ಅದನ್ನು ಕಣ್ಣಾರೆ ನೋಡುವುದು ಬೇಕಾಗಿತ್ತು. ಯಾಕೆಂದರೆ ಅದೇ ತಿಂಗಳ 8ರಂದು ವಿಯೆನ್ನಾದ ರಿಂಗ್ ಥಿಯೇಟರ್‌ನಲ್ಲಿ ಗ್ಯಾಸ್ ದೀಪ ಹೊತ್ತಿಸುವಾಗ ಬೆಂಕಿ ಬಿದ್ದು ನೂರಾರು ಜನ ಸತ್ತಿದ್ದರು.

ಸವಾಯ್‌ನ ರಂಗಸ್ಥಳದ ಬಲ್ಬುಗಳನ್ನು ಮಂದ ಮಾಡಲು ಲೋಹದ ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ ಒಡ್ಡುವ ತಂತಿ ಸುರುಳಿ, ಬಳಸಿದ್ದರು, ಉಪ್ಪುನೀರು ಅಲ್ಲ. ಎಲ್ಲ ಹಳೇ ಡಿಮ್ಮರುಗಳನ್ನೂ ಉಪ್ಪುನೀರಿನ ಲೆಕ್ಕಕ್ಕೇ ಬರೆಯುವವರಿದ್ದಾರೆ, ಅದಕ್ಕೇ ಈ ಮಾತು.

ಹಾಗಾದರೆ ತಂತಿಯ ಡಿಮ್ಮರ್ ಇದ್ದಮೇಲೆ ನೀರು ಯಾರಿಗೆ ಬೇಕಿತ್ತು?

ಇದು ಒಳ್ಳೆಯ ಪ್ರಶ್ನೆ. ಎರಡು ಕಾರಣ. ಒಂದು ದುಡ್ಡು. ಕಾಸು ಕಡಿಮೆ ಇದ್ದ ತಂಡಕ್ಕೆ ಜಾಡಿ, ತಗಡು, ಹಗ್ಗ, ಉಪ್ಪು ಎಲ್ಲ ಊರಲ್ಲೇ ಸಿಗುತ್ತಿತ್ತು.

ಎರಡನೆಯದು ನನಗೆ ಹೆಚ್ಚು ಇಷ್ಟವಾದ ಕಾರಣ: ನಯ. ತಂತಿಯ ಡಿಮ್ಮರಿನಲ್ಲಿ ಒಂದು ಹಿಡಿಕೆ ಸಾಲಾಗಿ ಇಟ್ಟ ಲೋಹದ ಗುಬ್ಬಿಗಳ ಮೇಲೆ ಸರಿಯುತ್ತದೆ. ಒಂದು ಗುಬ್ಬಿಯಿಂದ ಮುಂದಿನದಕ್ಕೆ ಹೋದಾಗ ಬೆಳಕು ಒಂದು ಮೆಟ್ಟಿಲು ಇಳಿಯುತ್ತದೆ. ಐದಾರು ಮೆಟ್ಟಿಲು ಮಾತ್ರ ಇದ್ದರೆ ಸೂರ್ಯ ಮುಳುಗುವುದಿಲ್ಲ, ಎಡವಿ ಬೀಳುತ್ತಾನೆ. ಕಣ್ಣಿಗೆ ಮೆಟ್ಟಿಲು ಕಾಣದಿರಬೇಕಾದರೆ ನೂರರ ಆಸುಪಾಸು ಗುಬ್ಬಿಗಳು ಬೇಕು. ಅಂಥವು ಆಮೇಲೆ ಬಂದವು, ಆದರೆ ಬೆಲೆ ಜಾಸ್ತಿ, ತೂಕವೂ ಜಾಸ್ತಿ. ನೀರಿನಲ್ಲಿ ಮೆಟ್ಟಿಲೇ ಇಲ್ಲ. ಕೂದಲೆಳೆಯಷ್ಟು ಹಗ್ಗ ಎಳೆದರೆ ಕೂದಲೆಳೆಯಷ್ಟೇ ಬೆಳಕು ಬದಲಾಗುತ್ತದೆ. ಕುದಿಯುವ ನೀರು, ಒದ್ದೆ ನೆಲ, ಶಾಕ್ ಹೊಡೆಯುವ ಭಯ ಎಲ್ಲವನ್ನೂ ಜನ ಸಹಿಸಿಕೊಂಡದ್ದು ಈ ಒಂದು ಗುಣಕ್ಕಾಗಿ ಎಂದೇ ನನ್ನ ಅಭಿಪ್ರಾಯ. ಅಗ್ಗ ಎಂಬ ಕಾರಣವೊಂದೇ ಆಗಿದ್ದರೆ ದುಡ್ಡಿದ್ದ ದೊಡ್ಡ ರಂಗಮಂದಿರಗಳು ಇದನ್ನು ಇಟ್ಟುಕೊಳ್ಳುತ್ತಿರಲಿಲ್ಲ.

ನೀರು ನಿಜವಾಗಿಯೂ ಕುದಿಯುತ್ತಿತ್ತಾ?

ಕುದಿಯುತ್ತಿತ್ತು. ಲೆಕ್ಕ ಹಾಕಿ ನೋಡಿ. ನಮ್ಮ 230 ವೋಲ್ಟ್ ಲೈನಿಗೆ 1,000 ವ್ಯಾಟಿನ ಒಂದು ಹಳದಿ ಬಲ್ಬು ಹಾಕಿದ್ದೇವೆ ಅಂದುಕೊಳ್ಳಿ. ಪೂರ್ತಿ ಉರಿಯುವಾಗ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಈಗ ಡಿಮ್ಮರ್ ತಗಡನ್ನು ಎತ್ತಿ ಬಲ್ಬಿಗೆ 115 ವೋಲ್ಟ್ ಮಾತ್ರ ಸಿಗುವ ಹಾಗೆ ಮಾಡೋಣ. ಉಳಿದ 115 ವೋಲ್ಟ್ ನೀರಿನ ಪಾಲು. ಕರೆಂಟು ಅರ್ಧಕ್ಕೆ ಇಳಿಯುವುದಿಲ್ಲ, ಸುಮಾರು 3 ಆಂಪಿಯರ್‌ಗೆ ನಿಲ್ಲುತ್ತದೆ, ಯಾಕೆಂದರೆ ಫಿಲಮೆಂಟ್ ತಣ್ಣಗಾದಷ್ಟೂ ಅದರ ತಡೆ ಕಡಿಮೆ. ಹಾಗಾಗಿ ಬಲ್ಬಿನಲ್ಲಿ ಸುಮಾರು 340 ವ್ಯಾಟ್, ನೀರಿನಲ್ಲೂ ಸುಮಾರು 340 ವ್ಯಾಟ್.

ಜಾಡಿಯಲ್ಲಿ 5 ಲೀಟರ್ ನೀರಿದ್ದರೆ, ಬಿಸಿ ಎಲ್ಲೂ ಸೋರಿಹೋಗದಿದ್ದರೆ, ಒಂದು ಗಂಟೆ ಹತ್ತು ನಿಮಿಷದ ಹೊತ್ತಿಗೆ 30 ಡಿಗ್ರಿಯಿಂದ 100 ಡಿಗ್ರಿ ಮುಟ್ಟುತ್ತದೆ. ಬಿಸಿ ಸೋರುವುದರಿಂದ ನಿಜದಲ್ಲಿ ಇನ್ನೂ ತಡವಾಗುತ್ತದೆ, ಸರಿ. ಆದರೆ ಒಂದು ಜಾಡಿಗೆ ಒಂದೇ ಬಲ್ಬು ಇರುತ್ತಿರಲಿಲ್ಲವಲ್ಲ. ಇಡೀ ಒಂದು ಸಾಲು ಬಲ್ಬುಗಳ ಹೊರೆ ಒಂದು ಜಾಡಿಯ ಮೇಲೆ ಬೀಳುತ್ತಿತ್ತು. ಮೂರು ಅಂಕದ ನಾಟಕದಲ್ಲಿ ಎರಡನೇ ಅಂಕ ಪೂರ್ತಿ ಬೆಳದಿಂಗಳಾದರೆ ಆಪರೇಟರ್ ಪಕ್ಕದಲ್ಲಿ ಹಬೆ ಏಳುತ್ತಿತ್ತು.

ಅರ್ಧ ವೋಲ್ಟೇಜ್ ಅಂದರೆ ಅರ್ಧ ಬೆಳಕಲ್ವಾ?

ಅಲ್ಲವೇ ಅಲ್ಲ. ಟಂಗ್‌ಸ್ಟನ್ ಲೋಹದ ಫಿಲಮೆಂಟ್ ಇರುವ ಈ ಹಳದಿ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಬೀಳುತ್ತದೆ. ಮುಕ್ಕಾಲು ವೋಲ್ಟೇಜ್ ಕೊಟ್ಟರೆ ಬೆಳಕು ಸುಮಾರು 38 ಶೇಕಡಾ. ಅರ್ಧ ಕೊಟ್ಟರೆ 10 ಶೇಕಡಾಗಿಂತ ಚೂರು ಕಡಿಮೆ. ಕಾಲು ಕೊಟ್ಟರೆ 1 ಶೇಕಡಾ, ಬರೀ ಕೆಂಡದ ಬಣ್ಣ. ಸದ್ಯ, ನಮ್ಮ ಕಣ್ಣು ಇದನ್ನು ಸ್ವಲ್ಪ ಸರಿದೂಗಿಸುತ್ತದೆ. ಅಳತೆಯ ಮೀಟರು 10 ಶೇಕಡಾ ಎಂದು ತೋರಿಸುವ ಬೆಳಕು ಕಣ್ಣಿಗೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗದಂತೆ ಕಾಣುತ್ತದೆ.

ಇದರಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. ಮೇಲಿನ ಲೆಕ್ಕದಲ್ಲಿ ಬೆಳಕು ಹತ್ತನೇ ಒಂದಕ್ಕೆ ಇಳಿದರೂ ಲೈನಿನಿಂದ ಎಳೆದದ್ದು 680 ವ್ಯಾಟಿನಷ್ಟು. ಅಂದರೆ ಮೂರನೇ ಎರಡು ಭಾಗ ಕರೆಂಟು ಸುಟ್ಟು, ಹತ್ತನೇ ಒಂದು ಭಾಗ ಬೆಳಕು ಪಡೆದ ಹಾಗಾಯಿತು.

ಅಂದರೆ ಡಿಮ್ಮರ್ ಹಾಕಿದರೆ ಕರೆಂಟ್ ಬಿಲ್ ಉಳಿಯುತ್ತಿರಲಿಲ್ಲವೇ?

ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಉಪ್ಪುನೀರು ಆಗಲಿ, ತಂತಿ ಆಗಲಿ, ಬೇಡದ ಬೆಳಕನ್ನು ಬಿಸಿ ಮಾಡಿ ಚೆಲ್ಲುವ ಉಪಕರಣ ಅದು. ನಮ್ಮ ಮನೆಗಳ ಗೋಡೆಯಲ್ಲಿ ಇರುತ್ತಿದ್ದ ದಪ್ಪ ಡಬ್ಬಿಯಂಥ ಹಳೇ ಫ್ಯಾನ್ ರೆಗ್ಯುಲೇಟರ್ ನೆನಪಿದೆಯಾ? ಒಂದನೇ ನಂಬರಿಗೆ ಇಟ್ಟು ಮುಟ್ಟಿದರೆ ಬಿಸಿ ಬಿಸಿ ಇರುತ್ತಿತ್ತು. ಒಳಗೆ ಇದ್ದದ್ದು ತಂತಿ ಸುತ್ತಿದ ಇದೇ ರೆಸಿಸ್ಟೆನ್ಸ್. ಫ್ಯಾನ್ ಮೆಲ್ಲಗೆ ತಿರುಗಿದರೂ ಮೀಟರ್ ಅಷ್ಟೇನೂ ಮೆಲ್ಲಗೆ ತಿರುಗುತ್ತಿರಲಿಲ್ಲ.

ಉಪ್ಪು ಎಷ್ಟು ಹಾಕುತ್ತಿದ್ದರು?

ಅದಕ್ಕೆ ಒಂದೇ ಅಳತೆ ಇರಲಿಲ್ಲ. ಬಲ್ಬುಗಳ ಹೊರೆ ನೋಡಿ ಉಪ್ಪು ಹಾಕುವುದು. ಹೊರೆ ಜಾಸ್ತಿ ಇದ್ದರೆ ನೀರು ಹೆಚ್ಚು ಕರೆಂಟು ಬಿಡಬೇಕು, ಉಪ್ಪು ಜಾಸ್ತಿ. ಹೊರೆ ಕಡಿಮೆ ಇದ್ದರೆ ಕಡಿಮೆ ಉಪ್ಪು, ಇಲ್ಲದಿದ್ದರೆ ತಗಡನ್ನು ಎಷ್ಟು ಮೇಲೆತ್ತಿದರೂ ಬಲ್ಬು ಮಿಣುಕುತ್ತಲೇ ಇರುತ್ತದೆ. ತಂತಿಯ ಡಿಮ್ಮರಿಗೆ ಈ ಸೌಲಭ್ಯ ಇಲ್ಲ. ಅದು ಇಷ್ಟು ವ್ಯಾಟಿಗೆ ಎಂದು ಮಾಡಿಸಿದ ಮೇಲೆ ಮುಗಿಯಿತು. ಅದಕ್ಕಿಂತ ಸಣ್ಣ ಹೊರೆ ಕೊಟ್ಟರೆ ಪೂರ್ತಿ ಕತ್ತಲಾಗುವುದಿಲ್ಲ. ಆಗ ಪ್ರೇಕ್ಷಕರಿಗೆ ಕಾಣದ ಕಡೆ ಇನ್ನೊಂದು ಬಲ್ಬನ್ನು ಸುಮ್ನೆ ಉರಿಸಿ ಹೊರೆ ಸರಿಮಾಡಬೇಕಾಗುತ್ತಿತ್ತು. ನೀರಿನ ಜಾಡಿಯಲ್ಲಿ ಉಪ್ಪನ್ನು ಹೆಚ್ಚುಕಮ್ಮಿ ಮಾಡಿದರೆ ಸಾಕು.

ಅಳತೆ ಹೇಳಿ, ಮನೆಯಲ್ಲಿ ಮಾಡಿ ನೋಡುತ್ತೇನೆ ಎನ್ನುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಬೇಡ. ಯಾಕೆ ಅಂತ ಮುಂದೆ ಇದೆ.

ನಾಟಕ ನಡೆಯುವಾಗ ಇದನ್ನು ಸಂಭಾಳಿಸುವುದು ಸುಲಭವೇ?

ಇಲ್ಲಿಯೇ ಆಪರೇಟರನ ಕಸುಬು ಇರುವುದು. ಉಪ್ಪುನೀರು ಬಿಸಿಯಾದಷ್ಟೂ ಕರೆಂಟನ್ನು ಸಲೀಸಾಗಿ ಬಿಡುತ್ತದೆ. ಒಂದು ಡಿಗ್ರಿಗೆ ಹೆಚ್ಚುಕಮ್ಮಿ 2 ಶೇಕಡಾ. 30 ಡಿಗ್ರಿಯ ನೀರು 80 ಡಿಗ್ರಿಗೆ ಬಂದರೆ ಅದರ ತಡೆ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಅಂದರೆ ಸಂಜೆ ತಣ್ಣೀರಿನಲ್ಲಿ ರಿಹರ್ಸಲ್ ಮಾಡಿ ಹಗ್ಗಕ್ಕೆ ಗುರುತು ಕಟ್ಟಿಟ್ಟುಕೊಂಡರೆ, ಕೊನೆ ಅಂಕದ ಹೊತ್ತಿಗೆ ಆ ಗುರುತು ಸುಳ್ಳು ಹೇಳುತ್ತದೆ. ಅದೇ ಗುರುತಿನಲ್ಲಿ ಬೆಳಕು ಜಾಸ್ತಿ ಬರುತ್ತದೆ. ಮಧ್ಯರಾತ್ರಿಯ ದೃಶ್ಯ ಸಾಯಂಕಾಲದ ಹಾಗೆ ಕಾಣುತ್ತದೆ. ಹಗ್ಗದ ಗುರುತು ನಂಬದೆ ರಂಗಸ್ಥಳದ ಮೇಲೆ ಕಣ್ಣಿಟ್ಟು ಎಳೆಯುವವನೇ ಒಳ್ಳೆಯ ಆಪರೇಟರ್.

ಇನ್ನೊಂದು ತಾಪತ್ರಯ ಆವಿಯದು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಜಾಡಿಯಲ್ಲೇ ಉಳಿಯುತ್ತದೆ. ದ್ರಾವಣ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಕಡಿಮೆಯಾದ ಮಟ್ಟವನ್ನು ತುಂಬಿಸುವಾಗ ಉಪ್ಪುನೀರು ಹಾಕಬಾರದು, ಸಪ್ಪೆ ನೀರು ಹಾಕಬೇಕು. ಗೊತ್ತಿಲ್ಲದವರು ಉಪ್ಪುನೀರನ್ನೇ ಸುರಿದರೆ ಮರುದಿನ ಡಿಮ್ಮರು ಕೈಗೆ ಸಿಗುವುದಿಲ್ಲ.

ಕುದಿ ಬಂದ ಮೇಲಂತೂ ತಗಡಿನ ಸುತ್ತ ಗುಳ್ಳೆಗಳು ಏಳುತ್ತವೆ. ಗುಳ್ಳೆ ಇರುವ ಕಡೆ ಕರೆಂಟು ಹಾಯುವುದಿಲ್ಲ. ಆಗ ಬೆಳಕು ಸಣ್ಣಗೆ ನಡುಗುತ್ತದೆ.

ಒಬ್ಬರೇ ಎಷ್ಟು ಜಾಡಿ ನೋಡಿಕೊಳ್ಳಬಹುದಿತ್ತು?

ಕೈ ಎರಡೇ ತಾನೆ? ಒಂದೊಂದು ಬಣ್ಣದ ಬಲ್ಬು ಸಾಲಿಗೆ ಒಂದೊಂದು ಜಾಡಿ ಬೇಕು. ರಾತ್ರಿ ಬರಿಸಬೇಕಾದರೆ ಬಿಳಿಯ ಸಾಲು ಇಳಿಯುತ್ತಿರುವಾಗಲೇ ನೀಲಿಯ ಸಾಲು ಏರಬೇಕು. ಇಷ್ಟನ್ನು ಒಬ್ಬ ಮಾಡಬಲ್ಲ. ಜೊತೆಗೆ ಕೆಂಪೂ ಬೇಕು ಅಂದರೆ ಇನ್ನೊಬ್ಬ ಬೇಕು. ಹಲವು ಹಗ್ಗಗಳನ್ನು ಒಂದೇ ದಂಡಕ್ಕೆ ಜೋಡಿಸಿ ಒಟ್ಟಿಗೆ ಎಳೆಯುವ ಏರ್ಪಾಟು ಇತ್ತು, ಆದರೆ ಆಗ ಎಲ್ಲವೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಬೇರೆ ಬೇರೆ ವೇಗದಲ್ಲಿ ಬೇಕೆಂದರೆ ಆಳುಗಳೇ ಗತಿ. ನೀರಿನ ಡಿಮ್ಮರು ಮೂಲೆಗೆ ಸೇರಲು ಶಾಕ್ ಎಷ್ಟು ಕಾರಣವೋ ಈ ಆಳಿನ ಖರ್ಚೂ ಅಷ್ಟೇ ಕಾರಣ ಎಂದು ನನಗೆ ಅನ್ನಿಸುತ್ತದೆ.

ಶಾಕ್ ಹೊಡೆಯುತ್ತಿರಲಿಲ್ಲವೇ?

ಹೊಡೆಯದೆ ಬಿಡುತ್ತದೆಯೇ? ಜಾಡಿಯ ಬಾಯಿ ತೆರೆದಿದೆ. ಒಳಗಿನ ನೀರಿಗೆ ನೇರವಾಗಿ ಲೈನ್, ಅಂದರೆ ಕರೆಂಟು ಬರುವ ತಂತಿ, ಸೇರಿದೆ. ನೀರು ಕುದಿದು ಹೊರಗೆ ತುಳುಕಿದರೆ ನೆಲವೂ ಒದ್ದೆ. ಹಗ್ಗ ಹಬೆಗೆ ನೆನೆದರೆ ಹಗ್ಗದಲ್ಲೂ ಕರೆಂಟು ಬರಬಹುದು. ಡಿಮ್ಮರನ್ನು ನ್ಯೂಟ್ರಲ್ ಕಡೆಗೆ, ಅಂದರೆ ಬಲ್ಬಿನಿಂದ ಕರೆಂಟು ವಾಪಸ್ ಹೋಗುವ ತಂತಿಗೆ ಹಾಕಿದರೆ ಜಾಡಿಯೇನೋ ಸ್ವಲ್ಪ ಸೌಮ್ಯ, ಆದರೆ ಆಗ ಬಲ್ಬು ಆರಿದ್ದರೂ ಹೋಲ್ಡರಿನಲ್ಲಿ ಲೈನ್ ಇರುತ್ತದೆ. ಬಲ್ಬು ಬದಲಿಸಲು ಹೋದವನ ಕತೆ ಮುಗಿಯಿತು.

ಇದರ ಜೊತೆ ಗಾಳಿಯ ತೊಂದರೆ. ಹಳೇ ಕಾಲದಲ್ಲಿ ಎಷ್ಟೋ ಊರಿನ ಸರಬರಾಜು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಆಗಿತ್ತು. ಡಿಸಿ ಕರೆಂಟನ್ನು ಉಪ್ಪುನೀರಿನಲ್ಲಿ ಹಾಯಿಸಿದರೆ ಒಂದು ತಗಡಿನಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಕ್ಲೋರಿನ್ ಹೊರಡುತ್ತದೆ. ಹೈಡ್ರೋಜನ್ ಒಂದು ಕಿಡಿಗೆ ಹೊತ್ತಿಕೊಳ್ಳುವ ಅನಿಲ, ಕ್ಲೋರಿನ್ ಗಂಟಲು ಹಿಡಿಯುವ ವಿಷ. ತಗಡೂ ಸವೆಯುತ್ತದೆ. ಉಪ್ಪಿನ ಬದಲು ಒಗೆಯುವ ಸೋಡಾ ಹಾಕಿದರೆ ಕ್ಲೋರಿನ್ ಕಾಟ ತಪ್ಪುತ್ತದೆ. ಎಸಿಯಲ್ಲಿ ದಿಕ್ಕು ಕ್ಷಣ ಕ್ಷಣಕ್ಕೂ ಬದಲಾಗುವುದರಿಂದ ಅನಿಲದ ಕಾಟ ಬಹಳ ಕಡಿಮೆ. ಶಾಕ್ ಮಾತ್ರ ಎರಡರಲ್ಲೂ ಇದ್ದದ್ದೇ.

ಹಾಸ್ಟೆಲಿನಲ್ಲಿ ಎರಡು ಬ್ಲೇಡಿಗೆ ತಂತಿ ಸಿಕ್ಕಿಸಿ, ನಡುವೆ ಬೆಂಕಿಕಡ್ಡಿ ಇಟ್ಟು ಕಟ್ಟಿ, ಮಗ್ಗಿನ ನೀರು ಕಾಯಿಸುತ್ತಿದ್ದ ಹುಡುಗರು ಈ ಭಾಗ ಓದಿ ನಗಬಹುದು. ತತ್ವ ಅದೇ, ಅಪಾಯವೂ ಅದೇ. ಈ ಡಿಮ್ಮರನ್ನು ಮನೆಯಲ್ಲಾಗಲಿ ಶಾಲೆಯ ವಾರ್ಷಿಕೋತ್ಸವದಲ್ಲಾಗಲಿ ಮಾಡಿ ನೋಡಬೇಡಿ. ಹಳೆಯ ಕಾಲದವರು ಬೇರೆ ದಾರಿ ಇಲ್ಲದೆ ಮಾಡಿದರು. ನಮಗೆ ಆ ಹಣೆಬರಹ ಇಲ್ಲ.

ಆಗಿನ ಬಲ್ಬು ಈಗಿನ ಹಳದಿ ಬಲ್ಬಿನ ಹಾಗೆಯೇ ಇತ್ತೇ?

ಇರಲಿಲ್ಲ. ಸ್ವಾನ್ ಮತ್ತು ಎಡಿಸನ್ ಬಲ್ಬುಗಳ ಫಿಲಮೆಂಟ್ ಇಂಗಾಲದ್ದು. ಇಂಗಾಲದ ನಡವಳಿಕೆ ಟಂಗ್‌ಸ್ಟನ್ನಿಗೆ ತದ್ವಿರುದ್ಧ. ಬಿಸಿಯಾದಷ್ಟೂ ತಡೆ ಕಡಿಮೆ, ತಣ್ಣಗಾದಷ್ಟೂ ಜಾಸ್ತಿ. ಹಾಗಾಗಿ ವೋಲ್ಟೇಜ್ ಸ್ವಲ್ಪ ಇಳಿಸಿದರೂ ಬೆಳಕು ದಬಕ್ಕನೆ ಬೀಳುತ್ತಿತ್ತು. ಕೈ ಬಹಳ ಹಗುರ ಇರಬೇಕಿತ್ತು.

ಟಂಗ್‌ಸ್ಟನ್ ಬಲ್ಬು 20ನೇ ಶತಮಾನದ ಮೊದಲ ದಶಕದಲ್ಲಿ ಬಂತು. ಅದು ತಣ್ಣಗಿರುವಾಗ ತಡೆ ಬಿಸಿಯಿದ್ದಾಗಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸ್ವಿಚ್ ಹಾಕಿದ ಕ್ಷಣ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಬಲ್ಬು ಬಹಳ ಸಲ ಸ್ವಿಚ್ ಹಾಕಿದ ಗಳಿಗೆಯಲ್ಲೇ ಟಪ್ಪೆಂದು ಹೋಗುವುದು ಇದಕ್ಕೇ. ಡಿಮ್ಮರಿನಿಂದ ನಿಧಾನಕ್ಕೆ ಹೊತ್ತಿಸಿದ ಬಲ್ಬಿಗೆ ಈ ಏಟು ಬೀಳುವುದಿಲ್ಲ.

ಗ್ರ್ಯಾನ್‌ವಿಲ್ ವುಡ್ಸ್ ಎಂಬವರೇ ಡಿಮ್ಮರ್ ಕಂಡುಹಿಡಿದದ್ದು ಎಂದು ಓದಿದ್ದೇನೆ. ನಿಜವೇ?

ಅರ್ಧ ನಿಜ. ಗ್ರ್ಯಾನ್‌ವಿಲ್ ಟಿ. ವುಡ್ಸ್ 1856ರಲ್ಲಿ ಅಮೆರಿಕದ ಒಹಾಯೊದಲ್ಲಿ ಹುಟ್ಟಿದ ಕರಿಯ ಸಂಶೋಧಕರು. ರೈಲು, ಟೆಲಿಗ್ರಾಫ್, ವಿದ್ಯುತ್ ವಿಷಯದಲ್ಲಿ ಹತ್ತಾರು ಪೇಟೆಂಟ್ ಅವರ ಹೆಸರಿನಲ್ಲಿವೆ. ರಂಗಮಂದಿರದ ದೀಪಗಳನ್ನು ಮಂದ ಮಾಡುವ ಪದ್ಧತಿಗೆ 1896ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ದೊಡ್ಡ ರೆಸಿಸ್ಟೆನ್ಸುಗಳು ಕಾದು ಕೆಂಪಾಗಿ ಬೆಂಕಿಗೆ ಕಾರಣವಾಗುತ್ತಿದ್ದ ಕಾಲ ಅದು. ಆ ಅಪಾಯ ತಗ್ಗಿಸುವುದೇ ಅವರ ಗುರಿ.

ಆದರೆ ಸವಾಯ್‌ನಲ್ಲಿ ಬಲ್ಬು ಮಂದ ಮಾಡಿದ್ದು ಅದಕ್ಕೆ ಹದಿನೈದು ವರ್ಷ ಮುಂಚೆ. ಹಾಗಾಗಿ ಮೊಟ್ಟಮೊದಲ ಡಿಮ್ಮರ್ ಎಂದು ಯಾರೊಬ್ಬರ ಹೆಸರನ್ನೂ ಬರೆಯಲಾಗದು. ಅಂತರ್ಜಾಲದ ಪಟ್ಟಿಗಳಿಗೆ ಒಂದು ಹೆಸರು, ಒಂದು ಇಸವಿ ಬೇಕೇ ಬೇಕು. ಅದು ಅವುಗಳ ಚಟ.

ಮನೆಗೂ ಆಗ ಡಿಮ್ಮರ್ ಇತ್ತಾ?

ಇತ್ತು, ನೀರಿನದಲ್ಲ. ಅಮೆರಿಕದಲ್ಲಿ ಹೈಲೋ ಎಂಬ ಬಲ್ಬು ಮಾರುತ್ತಿದ್ದರು. ಒಂದೇ ಬುರುಡೆಯೊಳಗೆ ದೊಡ್ಡದೊಂದು, ಚಿಕ್ಕದೊಂದು ಫಿಲಮೆಂಟ್. ದೊಡ್ಡದು 16 ಕ್ಯಾಂಡಲ್ ಬೆಳಕು, ಚಿಕ್ಕದು 1 ಕ್ಯಾಂಡಲ್. ಬೇಕಾದ್ದನ್ನು ಉರಿಸಬಹುದಿತ್ತು. ಡಿಮ್-ಎ-ಲೈಟ್ ಎಂಬ ಹೋಲ್ಡರು ಇನ್ನೊಂದು. ಅದರೊಳಗೇ ರೆಸಿಸ್ಟೆನ್ಸ್ ತಂತಿ, ಸರಪಣಿ ಎಳೆದರೆ ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಇಳಿಯುವುದು. ಮಗು ಮಲಗಿದ ಕೋಣೆ, ರೋಗಿಯ ಕೋಣೆ, ಇವೇ ಅದರ ಗಿರಾಕಿಗಳು.

ಕರ್ನಾಟಕದಲ್ಲಿ ಇದನ್ನು ಬಳಸಿದ್ದಾರೆಯೇ?

ಮೈಸೂರು ಸಂಸ್ಥಾನಕ್ಕೆ ಕರೆಂಟು ಬೇಗ ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಆದರೆ ಊರೂರು ತಿರುಗಿ ಟೆಂಟ್ ಹಾಕುವ ನಾಟಕ ಕಂಪನಿಗೆ ಹೋದಲ್ಲೆಲ್ಲ ಕರೆಂಟು ಎಲ್ಲಿಂದ ಬರಬೇಕು? ಅವರಿಗೆ ಬಹಳ ಕಾಲ ಪೆಟ್ರೋಮ್ಯಾಕ್ಸೇ ಆಧಾರ, ನಾವು ಹಳ್ಳಿಯಲ್ಲಿ ಗ್ಯಾಸ್‌ಲೈಟು ಎನ್ನುತ್ತಿದ್ದದ್ದು. ಅದನ್ನು ಬೇಕೆಂದಾಗ ಮಂದ ಮಾಡಿ ಬೇಕೆಂದಾಗ ಏರಿಸುವುದು ಆಗದ ಮಾತು.

ಕರೆಂಟಿದ್ದ ಊರುಗಳಲ್ಲಿ, ದುಡ್ಡಿಲ್ಲದ ಹವ್ಯಾಸಿ ತಂಡಗಳು ಭಾರತದ ಹಲವು ಕಡೆ ಉಪ್ಪುನೀರಿಗೆ ಮೊರೆ ಹೋದವು. ವಿದೇಶದಲ್ಲಿ ಇದು ಹಳೇ ಸಾಮಾನಾದ ಮೇಲೂ ಇಲ್ಲಿ ನಡೆಯಿತು. ಹೊರಗಿನಿಂದ ಡಿಮ್ಮರ್ ತರಿಸುವಷ್ಟು ದುಡ್ಡು ನಾಟಕದವರ ಹತ್ತಿರ ಯಾವತ್ತು ಇತ್ತು?

ಇದರ ಜಾಗಕ್ಕೆ ಏನು ಬಂತು?

ಮೊದಲು ಒಳ್ಳೆಯ ತಂತಿಯ ಡಿಮ್ಮರುಗಳು. ಆಮೇಲೆ 1930ರ ದಶಕದಲ್ಲಿ ಆಟೋ ಟ್ರಾನ್ಸ್‌ಫಾರ್ಮರ್, ಹಲವರಿಗೆ ವೇರಿಯಾಕ್ ಎಂಬ ಹೆಸರಿನಿಂದ ಗೊತ್ತಿರುವುದು. ಅದು ವೋಲ್ಟೇಜನ್ನೇ ಬದಲಿಸುತ್ತದೆ, ಉಳಿದದ್ದನ್ನು ಬಿಸಿ ಮಾಡಿ ಚೆಲ್ಲುವುದಿಲ್ಲ. ಒಂದು ಬಲ್ಬಿರಲಿ ಹತ್ತಿರಲಿ ಒಂದೇ ಥರ ಕೆಲಸ ಮಾಡುತ್ತದೆ. ಎಸಿ ಇದ್ದಲ್ಲಿ ಮಾತ್ರ ನಡೆಯುತ್ತದೆ, ಜೊತೆಗೆ ಕಬ್ಬಿಣದ ಭಾರ.

1947ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಐಜನೂರ್ ಥೈರಟ್ರಾನ್ ಎಂಬ ಎಲೆಕ್ಟ್ರಾನಿಕ್ ವಾಲ್ವುಗಳನ್ನು ಬಳಸಿ, ದೂರದಲ್ಲಿ ಕೂತು ಸಣ್ಣ ಹಿಡಿಕೆಗಳಿಂದಲೇ ಬೆಳಕು ಆಡಿಸುವ ವ್ಯವಸ್ಥೆ ಮಾಡಿದರು. ಭಾರಿ ಕರೆಂಟು ಆಪರೇಟರನ ಕೈಯಿಂದ ದೂರವಾಯಿತು. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಎಸ್‌ಸಿಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಂತು. ಬೆರಳಿನ ಗಾತ್ರದ ಆ ಸಾಧನ ಎಸಿ ಕರೆಂಟಿನ ಪ್ರತಿ ಅಲೆಯಲ್ಲೂ ಒಂದು ತುಂಡನ್ನು ಮಾತ್ರ ಒಳಗೆ ಬಿಡುತ್ತದೆ, ಉಳಿದದ್ದನ್ನು ತಡೆದು ನಿಲ್ಲಿಸುತ್ತದೆ. 1959ರಲ್ಲಿ ಜೋಯಲ್ ಸ್ಪೈರಾ ಮನೆಯ ಗೋಡೆಯ ಸ್ವಿಚ್ ಡಬ್ಬಿಯಲ್ಲಿ ಕೂರುವ ಡಿಮ್ಮರಿಗೆ ಪೇಟೆಂಟ್ ಅರ್ಜಿ ಹಾಕಿದರು, 1961ರಲ್ಲಿ ಅದನ್ನು ಮಾಡಿ ಮಾರುವ ಅವರ ಲುಟ್ರಾನ್ ಕಂಪನಿ ಶುರುವಾಯಿತು. ಅಲ್ಲಿಗೆ ಜಾಡಿಗಳ ಕಾಲ ಮುಗಿಯಿತು.

ಪೂರ್ತಿ ಮುಗಿಯಿತಾ? ಈಗ ಎಲ್ಲೂ ಇಲ್ಲವೇ?

ದೀಪದ ಕೆಲಸಕ್ಕೆ ಇಲ್ಲ. ಆದರೆ ಅದರ ದೊಡ್ಡಣ್ಣ ಇನ್ನೂ ದುಡಿಯುತ್ತಿದ್ದಾನೆ. ಸಿಮೆಂಟು, ಸಕ್ಕರೆ ಕಾರ್ಖಾನೆಗಳಲ್ಲಿ ದೊಡ್ಡ ಸ್ಲಿಪ್‌ರಿಂಗ್ ಮೋಟಾರುಗಳನ್ನು ಶುರು ಮಾಡಲು ಲಿಕ್ವಿಡ್ ಸ್ಟಾರ್ಟರ್ ಎಂಬ ತೊಟ್ಟಿ ಇರುತ್ತದೆ. ಒಳಗೆ ಸೋಡಾ ಕಲಸಿದ ನೀರು, ಮೇಲೆ ಕೆಳಗೆ ಸರಿಯುವ ಎಲೆಕ್ಟ್ರೋಡುಗಳು. ಮೋಟಾರು ವೇಗ ಹಿಡಿಯುವವರೆಗೆ ನೀರು ಕರೆಂಟನ್ನು ಹದ್ದುಬಸ್ತಿನಲ್ಲಿ ಇಡುತ್ತದೆ, ಆಮೇಲೆ ತಡೆಯನ್ನು ತೆಗೆದುಬಿಡುತ್ತಾರೆ. ಡೀಸೆಲ್ ಜನರೇಟರ್ ರಿಪೇರಿ ಆದಮೇಲೆ ಹೊರೆ ಕೊಟ್ಟು ನೋಡಲು ಡ್ರಮ್ಮಿನಲ್ಲಿ ಉಪ್ಪುನೀರು ತುಂಬಿ ತಗಡು ಇಳಿಬಿಡುವ ಮೆಕ್ಯಾನಿಕ್ಕುಗಳೂ ಇದ್ದಾರೆ.

ಈಗಿನ ಎಲ್‌ಇಡಿ ಬಲ್ಬಿಗೆ ಉಪ್ಪುನೀರಿನ ಡಿಮ್ಮರ್ ಹಾಕಿದರೆ?

ನಡೆಯುವುದಿಲ್ಲ. ಎಲ್‌ಇಡಿ ಬಲ್ಬಿನೊಳಗೆ ಒಂದು ಡ್ರೈವರ್, ಅಂದರೆ ಎಲ್‌ಇಡಿಗೆ ತಕ್ಕ ಹಾಗೆ ಕರೆಂಟನ್ನು ಹದ ಮಾಡಿ ಕೊಡುವ ಸಣ್ಣ ಸರ್ಕ್ಯೂಟ್, ಇರುತ್ತದೆ. ಬಹಳಷ್ಟು ಬಲ್ಬುಗಳಲ್ಲಿ ಅದು ವೋಲ್ಟೇಜ್ ಇಳಿದರೂ ಬೆಳಕನ್ನು ಒಂದೇ ಸಮ ಇಡಲು ನೋಡುತ್ತದೆ. ಒಂದು ಹಂತದವರೆಗೆ ನೀವು ಎಷ್ಟು ತಗಡು ಎತ್ತಿದರೂ ಏನೂ ಆಗುವುದಿಲ್ಲ. ಆಮೇಲೆ ಪಟಪಟ ಮಿನುಗಿ ಆರಿಹೋಗುತ್ತದೆ. ಹೊರೆಯೂ ಬರೀ 9 ವ್ಯಾಟ್, ಅಷ್ಟಕ್ಕೆ ನೀರು ಉಗುರು ಬೆಚ್ಚಗೂ ಆಗದು.

ಇನ್ನೊಂದು ವ್ಯತ್ಯಾಸವಿದೆ. ಹಳದಿ ಬಲ್ಬು ಮಂದವಾಗುವಾಗ ಬಣ್ಣವೂ ಬದಲಾಗುತ್ತದೆ, ಬಿಳಿಯಿಂದ ಅರಿಸಿನ, ಅರಿಸಿನದಿಂದ ಕೇಸರಿ, ಕೊನೆಗೆ ಕೆಂಪು. ಸಾಮಾನ್ಯ ಎಲ್‌ಇಡಿ ಮಂದವಾದರೂ ಅದೇ ಬಣ್ಣದಲ್ಲಿ ಮಂಕಾಗುತ್ತದೆ. ಈ ಕೆಂಪು ಬೇಕೆಂದು ಕೇಳುವವರಿಗಾಗಿ ಈಗ ಕೆಲವು ಕಂಪನಿಗಳು ಬಿಳಿ ಮತ್ತು ಕೇಸರಿ ಎಲ್‌ಇಡಿಗಳನ್ನು ಒಂದೇ ಬಲ್ಬಿನಲ್ಲಿ ಕೂರಿಸಿ, ಬೆಳಕು ಇಳಿದಂತೆ ಕೇಸರಿಯ ಪಾಲು ಹೆಚ್ಚಿಸಿ ಮಾರುತ್ತಿವೆ.